ಪತ್ರಿಕೆಯ ಕಸಮುಸುರೆ ಯಾರ ಪಾಲಿಗೆ?

ಮಾರ್ಚ್ 8 ಹತ್ತಿರ ಬಂತೆಂದರೆ ನಮ್ಮ ಪ್ರಗತಿಪರ ಪತ್ರಿಕೆಗಳಿಗೆಲ್ಲ ಹೆಣ್ಣಿನ ನೆನಪಾಗುತ್ತದೆ. ವಿಶೇಷ ಸಂಚಿಕೆ ಹೊರಡುತ್ತದೆ. ಮುಖಪುಟದ ಮೇಲೆ ಮುಷ್ಟಿ ಬಿಗಿದ ಹೆಣ್ಣು. ಒಳಗೆ ಗುಡುಗುವ ಸಂಪಾದಕೀಯ: ಅಡುಗೆಮನೆಯ ಗುಲಾಮಗಿರಿಯಿಂದ ಹೆಣ್ಣಿಗೆ ಬಿಡುಗಡೆ ಎಂದು? ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದ ಮಹನೀಯರು ನಮ್ಮದೊಂದು ಚಿಕ್ಕ ಪ್ರಶ್ನೆಗೂ ಉತ್ತರ ಕೊಡಲಿ. ಆ ವಿಶೇಷ ಸಂಚಿಕೆಯನ್ನು ಮಡಿಸಿದವರು ಯಾರು? ಸುತ್ತಿ ಅಂಟು ಹಚ್ಚಿದವರು ಯಾರು? ವಿಳಾಸ ಬರೆದು ಅಂಚೆ ಕಛೇರಿಗೆ ಹೊತ್ತವರು ಯಾರು? ಸಂಪಾದಕೀಯ ಹೊಳೆಯಲಿ ಅಂತ ಕುಡಿದ ಮೂರು ಲೋಟ ಟೀ, ಆ ಲೋಟ ತೊಳೆದ ಕೈ ಯಾರದು?

ಹೆಣ್ಣಿನ ವಿಮೋಚನೆಗೆಂದೇ ಹುಟ್ಟಿದ ಪತ್ರಿಕೆಗಳನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಸ್ತ್ರೀವಾದಿ ಪತ್ರಿಕೆಗೂ ಒಂದು ಹಿತ್ತಿಲಿದೆ. ಅಲ್ಲೂ ಕಸವಿದೆ, ಮುಸುರೆಯಿದೆ. ಮುಂಬಾಗಿಲಲ್ಲಿ ನಿಂತು ಭಾಷಣ ಕೇಳಿ ಬಂದವರು ಆ ಪತ್ರಿಕೆಯನ್ನು ಹೊಗಳುತ್ತಾರೆ. ಹಿತ್ತಿಲಿಗೆ ಹೋಗಿ ನೋಡಿದವರಿಗೆ ಅದರ ಸ್ತ್ರೀವಾದ ಎಷ್ಟು ಸೇರು, ಎಷ್ಟು ಪಾವು ಅಂತ ಗೊತ್ತಾಗುತ್ತದೆ.

ಪತ್ರಿಕೆ ಅಂದರೆ ಬರಹ ಅಂತ ತಿಳಿದವರಿಗೆ ಈ ಹಿತ್ತಿಲನ್ನು ಸ್ವಲ್ಪ ತೋರಿಸಬೇಕು. 500 ಚಂದಾದಾರರ ಒಂದು ಸಣ್ಣ ಮಾಸಪತ್ರಿಕೆ ಅಂತ ಇಟ್ಟುಕೊಳ್ಳಿ. ಒಂದು ಪ್ರತಿ ಮಡಿಸಿ, ಸುತ್ತಿ, ಅಂಟಿಸಿ, ವಿಳಾಸ ಬರೆದು, ಸ್ಟಾಂಪು ಹಚ್ಚಲು 2 ನಿಮಿಷ ಹಿಡಿಯಿರಿ. 500 ಪ್ರತಿಗೆ 1000 ನಿಮಿಷ. ಅಂದರೆ 16 ಗಂಟೆ 40 ನಿಮಿಷ. ಕೂಲಿ ಲೆಕ್ಕದಲ್ಲಿ ಎರಡು ಆಳಿನ ದಿನಗೂಲಿ. ಇದಕ್ಕೆ ಮುಂಚೆ ಅಂಟು ಕಾಯಿಸಬೇಕು. ಮೈದಾ ಗಂಟುಕಟ್ಟದ ಹಾಗೆ ಕಲಸಿ, ಒಲೆಯ ಮೇಲಿಟ್ಟು ತಿರುವಿ, ಹುಳ ಹಿಡಿಯದಿರಲಿ ಅಂತ ಚೂರು ಮೈಲುತುತ್ತ ಹಾಕಬೇಕು. ಅಡುಗೆಮನೆಯಿಂದ ಬಿಡುಗಡೆ ಎಂಬ ಲೇಖನ ಊರೂರಿಗೆ ಹೋಗಬೇಕಾದರೂ ಮೊದಲು ಒಬ್ಬಳು ಅಡುಗೆಮನೆಯಲ್ಲಿ ನಿಂತು ಈ ಗಂಜಿ ಕಾಯಿಸಬೇಕು.

ಆಮೇಲೆ ಚಂದಾ ಪುಸ್ತಕ. ಯಾರ ಚಂದಾ ಮುಗಿಯಿತು, ಯಾರು ಕೊಡ್ತೀನಿ ಅಂದು ಎರಡು ವರ್ಷವಾಯಿತು, ಯಾರು ಅರ್ಧ ಕೊಟ್ಟರು. ನಮ್ಮ ಓದುಗರಲ್ಲಿ ಮೇಷ್ಟ್ರುಗಳು, ಮೇಡಮ್ಮುಗಳು ಜಾಸ್ತಿ. ಅವರಿಗೆ ವರ್ಗಾವಣೆಯಾದರೆ ನಮ್ಮ ಪುಸ್ತಕದಲ್ಲಿ ಗೀಟು ಹೊಡೆದು ಹೊಸ ಊರು, ಹೊಸ ಪಿನ್‌ಕೋಡು ಬರೆಯಬೇಕು. ಬರೆಯದಿದ್ದರೆ ಮುಂದಿನ ತಿಂಗಳು ಪ್ರತಿ ವಾಪಸ್ಸು, ಅದರ ಮೇಲೆ ಪೋಸ್ಟ್‌ಮ್ಯಾನ್ ಗೀಚಿದ ಒಂದು ಸಾಲು. ಅಂಚೆ ಇಲಾಖೆಯದು ಇನ್ನೊಂದು ಕತೆ. ರಿಜಿಸ್ಟರ್ಡ್ ಬುಕ್ ಪೋಸ್ಟನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದರು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನೇ ಸ್ಪೀಡ್ ಪೋಸ್ಟಿನೊಳಗೆ ಮುಳುಗಿಸಿದರು. ಪುಸ್ತಕ, ಪತ್ರಿಕೆ ಕಳಿಸುವ ಬಡವರ ಹೊಟ್ಟೆಯ ಮೇಲೆ ಹೊಡೆದರು ಅಂತ ಲೇಖನ ಬರೆಯೋಕೆ ನಮ್ಮಲ್ಲಿ ಜನ ಇದ್ದಾರೆ. ಆದರೆ ಕೌಂಟರಿನ ಮುಂದೆ ಕಟ್ಟು ಹಿಡಿದು ನಿಂತು, ಹೊಸ ದರ ಕೇಳಿ, ಇದ್ದ ದುಡ್ಡಿಗೆ ಎಷ್ಟು ಪ್ರತಿ ಹೋಗುತ್ತೆ ಅಂತ ಬೆರಳು ಮಡಿಚಿ ಎಣಿಸಿದವಳು ಯಾರು? ಆಕೆಗೆ ಲೇಖನ ಬರೆಯೋಕೆ ಪುರುಸೊತ್ತಿಲ್ಲ.

ಮಳಿಗೆಯವನ ಹತ್ತಿರ ಬಾಕಿ ವಸೂಲಿ, ಪ್ರೆಸ್ಸಿನವನಿಗೆ ಸಬೂಬು, ಪ್ರೂಫು, ಬಂದ ಪತ್ರಕ್ಕೆ ಉತ್ತರ, ಕಛೇರಿಯ ಬೀಗದ ಕೈ, ಕಸಬರಿಗೆ. ಇವನ್ನೆಲ್ಲ ವಿವರಿಸುತ್ತ ಕೂತರೆ ಈ ಸಂಚಿಕೆ ಸಾಲದು.

ಇಷ್ಟು ದುಡಿತಕ್ಕೆ ಪತ್ರಿಕೆಯಲ್ಲಿ ಎಲ್ಲಿದೆ ಜಾಗ? ಬ್ರಿಟಿಷರು 1867ರಲ್ಲಿ ಮಾಡಿದ ಪತ್ರಿಕಾ ಕಾಯಿದೆಯ ಕೆಳಗೆ, 1956ರ ನಿಯಮದ ಪ್ರಕಾರ, ಪ್ರತಿವರ್ಷ ಫೆಬ್ರವರಿ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ ಎಲ್ಲ ಪತ್ರಿಕೆಗಳೂ 'ಫಾರಂ 4' ಎಂಬ ಹೇಳಿಕೆ ಅಚ್ಚು ಹಾಕುತ್ತಿದ್ದವು. ಹಳೆಯ ಸಂಚಿಕೆ ತೆಗೆದು ನೋಡಿ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಒಡೆಯರು ಯಾರು. ಮುಗೀತು. ಆ ಕಾಯಿದೆ 2024ರ ಮಾರ್ಚ್ 1ರಂದು ಹೋಯಿತು, ಹೊಸದು ಬಂತು. ನಮ್ಮ ಬಂಡಾಯದ ಪತ್ರಿಕೆಗಳು ಸರ್ಕಾರವನ್ನು ಬಾಯ್ತುಂಬ ಬೈದವು, ಸರಿಯಾಗೇ ಬೈದವು. ಆದರೆ ಸರ್ಕಾರದ ಆ ನಮೂನೆಯನ್ನೇ ತಮ್ಮ ಮನಸ್ಸಿನೊಳಗೂ ಭದ್ರವಾಗಿ ಇಟ್ಟುಕೊಂಡವು. ನಮ್ಮ ಸಣ್ಣ ಪತ್ರಿಕೆಗಳ ಚರಿತ್ರೆ ಬರೆಯುವವರನ್ನು ನೋಡಿ. ಬೂಸಾ ಗಲಾಟೆಯಾದ 1973ರಿಂದ ಹಿಡಿದು ಇವತ್ತಿನವರೆಗೆ ಯಾವ ಕವಿ ಯಾವ ಸಂಚಿಕೆಯಲ್ಲಿ ಬರೆದ ಅಂತ ಹೇಳುತ್ತಾರೆ. ಯಾವ ಮನೆಯ ಜಗುಲಿಯ ಮೇಲೆ ಆ ಸಂಚಿಕೆಯ ಕಟ್ಟು ಬಿಚ್ಚಿತು, ಆ ಮನೆಯ ಹೆಂಗಸು ಎಷ್ಟು ರಾತ್ರಿ ನಿದ್ದೆಗೆಟ್ಟಳು, ಅದು ಚರಿತ್ರೆಗೆ ಬೇಡ.

ನಮ್ಮ ಸಂಗಾತಿಗಳನ್ನು ಕೇಳಿದರೆ ಒಂದೇ ಉತ್ತರ: "ಅವೆಲ್ಲ ಸಣ್ಣಪುಟ್ಟ ಕೆಲಸ ಕಣಮ್ಮ, ಯಾರೋ ಮಾಡ್ತಾರೆ ಬಿಡಿ. ಸಿದ್ಧಾಂತದ ಮಾತಾಡೋಣ." ಈ 'ಯಾರೋ' ಅನ್ನುವವರಿಗೆ ಮುಖ ಇದೆ, ಜಾತಿ ಇದೆ, ಲಿಂಗ ಇದೆ. ಒಬ್ಬಾಕೆ ಸಂಗಾತಿಯ ಹೆಂಡತಿ. ಸಭೆ ಮುಗಿಯುವವರೆಗೂ ಒಳಗೇ ಇದ್ದು, ಎಲ್ಲರೂ ಎದ್ದ ಮೇಲೆ ಹೊರಗೆ ಬಂದು ಬೀಡಿ ತುಂಡು ಗುಡಿಸುವವಳು. ಇನ್ನೊಬ್ಬಳು ಕಾಲೇಜು ಹುಡುಗಿ. "ನಿನ್ನ ಅಕ್ಷರ ಮುತ್ತು ಪೋಣಿಸಿದಂಗಿದೆ, ವಿಳಾಸ ಬರೆದುಕೊಡು" ಅನ್ನಿಸಿಕೊಂಡವಳು. ಅವಳ ಅಕ್ಷರ ರ್‍ಯಾಪರಿನ ಮೇಲೆ ಮುತ್ತು. ಅದೇ ಅಕ್ಷರದಲ್ಲಿ ಅವಳೊಂದು ಲೇಖನ ಬರೆದು ತಂದರೆ "ಇನ್ನೂ ಸ್ವಲ್ಪ ಓದಬೇಕು ನೀನು". ಮತ್ತೊಬ್ಬ ಹಾಸ್ಟೆಲ್ಲಿನ ಹುಡುಗ, ಹೊಲಗೇರಿಯಿಂದ ಬಂದವನು. ಕಟ್ಟು ಹೊರುವ ಹೊತ್ತಿಗೆ ಅವನ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಜಾತಿ ವಿನಾಶದ ಸಂಚಿಕೆಯ ಭಾರವನ್ನೂ ಅವನ ಬೆನ್ನೇ ಹೊರಬೇಕು.

ಕಾಯಕ, ದಾಸೋಹ ಅಂತ ವೇದಿಕೆ ಮೇಲೆ ಉದುರಿಸುತ್ತೀರಲ್ಲ, 12ನೇ ಶತಮಾನದಲ್ಲಿ ಅಂಗಳ ಗುಡಿಸುವ ಕಾಯಕದ ಸತ್ಯಕ್ಕನ ವಚನಗಳು ಅವಳ ಅಂಕಿತದೊಂದಿಗೆ ಇವತ್ತಿಗೂ ಉಳಿದಿವೆ. ನೆಲಕ್ಕೆ ಬಿದ್ದ ಅಕ್ಕಿ ಆಯುವ ಲಕ್ಕಮ್ಮನ ಮಾತೂ ಉಳಿದಿದೆ. ಗುಡಿಸುವವಳೇ ಬರೆದಳು, ಬರೆಯುವವಳೇ ಗುಡಿಸಿದಳು. ಎಂಟುನೂರು ವರ್ಷದ ಮೇಲೆ, ಆಫ್‌ಸೆಟ್ ಮುದ್ರಣ ಬಂದ ಮೇಲೆ, ನಮಗೆ ಇದು ಆಗದ ಕೆಲಸವಾಯಿತೇ?

ಕನ್ನಡದಲ್ಲಿ ಹೆಂಗಸರ ಪತ್ರಿಕೆ ಶುರುವಾದದ್ದನ್ನೂ ಸ್ವಲ್ಪ ನೋಡಬೇಕು. ನಂಜನಗೂಡಿನ ತಿರುಮಲಾಂಬ 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಹೂಡಿದರು. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಬೆಂಗಳೂರಿನಲ್ಲಿ 'ಸರಸ್ವತಿ' ಶುರು ಮಾಡಿ ನಾಲ್ಕು ದಶಕ ನಡೆಸಿದರು. ಇಬ್ಬರೂ ಬಾಲವಿಧವೆಯರು. ಅವರ ಕಾಲದ ಮನೆಗಳಲ್ಲಿ ವಿಧವೆ ಅಂದರೆ ಮೂಲೆಯ ಆಳು, ಸಂಬಳವಿಲ್ಲದ ಚಾಕರಿ. ಆ ಚಾಕರಿಯಿಂದ ಕೈ ಬಿಡಿಸಿಕೊಂಡು ಅದೇ ಕೈಯಲ್ಲಿ ಪತ್ರಿಕೆ ನಡೆಸಿದರು. ಅವರ ವಿಚಾರಗಳ ಬಗ್ಗೆ ನಮಗೆ ತಕರಾರಿದೆ. 'ಸತಿ' ಎಂಬ ಶಬ್ದ ಹೆಸರಿನಲ್ಲೇ ಇದೆ, ಪತಿವ್ರತಾ ಧರ್ಮದ ಚೌಕಟ್ಟಿದೆ, ಕೇರಿಯ ಹೆಣ್ಣು ಅವರ ಓದುಗಳಲ್ಲ. ಆದರೂ ಒಬ್ಬ ಹೆಂಗಸು ನಾಲ್ಕು ದಶಕ ತಿಂಗಳು ತಿಂಗಳೂ ಪತ್ರಿಕೆ ಹೊರಡಿಸಿದಳು ಅಂದರೆ ಅದರ ಅರ್ಥ ಏನು? ಸಾಹಿತ್ಯ ಚರಿತ್ರೆಯವರು ಇದನ್ನು 'ಸೇವೆ' ಎನ್ನುತ್ತಾರೆ. ಗಂಡಸು ಮಾಡಿದರೆ ಪತ್ರಿಕೋದ್ಯಮ, ಹೆಂಗಸು ಮಾಡಿದರೆ ಸೇವೆ. ಈ 'ಸೇವೆ' ಎಂಬ ಮಾತೇ ದುಡಿತವನ್ನು ಮುಚ್ಚಿಡುವ ಸೆರಗು.

ಇದು ನಮ್ಮ ದೇಶದ ರೋಗ ಮಾತ್ರ ಅಂತ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಗೆ ಕ್ರಾಂತಿಕಾರಿ ತರುಣರ ಬಂಡಾಯ ಪತ್ರಿಕೆಗಳಿದ್ದವು, 'ಆಜ್', 'ಫ್ರೆಂಡ್ಜ್' ಅಂತ. ವ್ಯವಸ್ಥೆಯನ್ನೇ ಬುಡಮೇಲು ಮಾಡ್ತೀವಿ ಅಂದವರು. ಅಲ್ಲಿ ಹೆಂಗಸರು ಟೈಪು ಮಾಡಿದರು, ಟೀ ಕಾಯಿಸಿದರು, ಲೆಕ್ಕ ಬರೆದರು. ಕ್ರಾಂತಿಯ ಲೇಖನ ಗಂಡಸರದು. 1971ರ ಕೊನೆಗೆ ಆ ಪತ್ರಿಕೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಕೂಡಿ ಕೂತು ತಮ್ಮ ಕಷ್ಟ ಮಾತಾಡಿಕೊಂಡರು. ಆ ಮಾತುಕತೆಯಿಂದ 1972ರಲ್ಲಿ ಮಾರ್ಷಾ ರೋ, ರೋಸಿ ಬಾಯ್‌ಕಾಟ್ ಎಂಬಿಬ್ಬರು 'ಸ್ಪೇರ್ ರಿಬ್' ಎಂಬ ಪತ್ರಿಕೆ ತಂದರು. ಗಂಡಿನ ಪಕ್ಕೆಲುಬಿನಿಂದ ಹೆಣ್ಣು ಹುಟ್ಟಿದಳೆಂಬ ಬೈಬಲ್ಲಿನ ಕತೆಯನ್ನು ಗೇಲಿ ಮಾಡುವ ಹೆಸರು. ದೊಡ್ಡ ಪುಸ್ತಕದಂಗಡಿಗಳ ಜಾಲವೊಂದು ಮಾರೋದಿಲ್ಲ ಅಂತು. ಆದರೂ 1993ರವರೆಗೆ ನಡೆಯಿತು. ಶುರುವಾದ ಒಂದೆರಡು ವರ್ಷದಲ್ಲೇ ಒಬ್ಬ ಯಜಮಾನಿ ಬೇಡ, ಎಲ್ಲರೂ ಸೇರಿ ನಡೆಸೋಣ ಅಂತ ಸಮೂಹ ಮಾಡಿಕೊಂಡರು.

ನಮ್ಮ ಸ್ತ್ರೀವಾದಿ ಅಕ್ಕಂದಿರು ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತಾರೆ. ಮುಂದೂ ಇದೆ. ಸಮೂಹ ಅಂದರು, ಆದರೆ ಆ ಸಮೂಹ ಬಹುಕಾಲ ಬಿಳಿ ಹೆಂಗಸರದೇ ಆಗಿತ್ತು. 1980ರ ದಶಕದಲ್ಲಿ ಕಪ್ಪು ಹೆಂಗಸರು ಒಳಗೆ ಬಂದು "ಇದು ಯಾರ ಪತ್ರಿಕೆ?" ಎಂದಾಗ ಜಗಳ ಶುರುವಾಯಿತು. 1982ರಲ್ಲಿ ಇಸ್ರೇಲು ಲೆಬನಾನಿನ ಮೇಲೆ ನುಗ್ಗಿದ ಬಗ್ಗೆ ಲೇಖನ ಬಂದ ಮೇಲಂತೂ, ಅದಕ್ಕೆ ಎದುರಾಗಿ ಬಂದ ಪತ್ರಗಳನ್ನು ಹಾಕಬೇಕೋ ಬೇಡವೋ ಎಂಬುದರ ಮೇಲೆ ಪತ್ರಿಕೆಯೇ ನಡುಗಿತು. ನೋಡಿ, ಎಲ್ಲಿ ಸಿಡಿಯಿತು ಅಂತ. ಸಂಪಾದಕೀಯದಲ್ಲಿ ಅಲ್ಲ, ವಾಚಕರ ಪತ್ರದ ಡಬ್ಬಿಯಲ್ಲಿ. ಯಾವ ಪತ್ರ ಒಳಗೆ, ಯಾವುದು ಕಸಕ್ಕೆ ಅಂತ ಆರಿಸುವುದನ್ನು ನಾವು 'ಸಣ್ಣ ಕೆಲಸ' ಅನ್ನುತ್ತೇವೆ. ಪತ್ರಿಕೆಯ ರಾಜಕೀಯ ಇರೋದೇ ಅಲ್ಲಿ.

ಅಮೆರಿಕದಲ್ಲಿ ಕಪ್ಪು ಹೆಂಗಸರು ಇದನ್ನು ಬೇಗ ಅರಿತರು. ಬಾರ್ಬರಾ ಸ್ಮಿತ್, ಆಡ್ರಿ ಲಾರ್ಡ್ ಮತ್ತು ಸಂಗಾತಿಗಳು 1980ರಲ್ಲಿ ಒಂದು ಪ್ರಕಾಶನ ಕಟ್ಟಿದರು. ಅದಕ್ಕಿಟ್ಟ ಹೆಸರು 'ಕಿಚನ್ ಟೇಬಲ್', ಅಡುಗೆಮನೆಯ ಮೇಜು. ಬಿಳಿ ಹೆಂಗಸರ ಪ್ರಕಾಶನವೊಂದು ಹೊರತಂದಿದ್ದ 'ದಿಸ್ ಬ್ರಿಡ್ಜ್ ಕಾಲ್ಡ್ ಮೈ ಬ್ಯಾಕ್' ಎಂಬ ಪುಸ್ತಕ, ಆ ಪ್ರಕಾಶನ ಮುಚ್ಚಿ ಅನಾಥವಾದಾಗ 1983ರಲ್ಲಿ ಇವರೇ ಎತ್ತಿಕೊಂಡು ಮತ್ತೆ ಅಚ್ಚು ಹಾಕಿದರು. ಬೆನ್ನನ್ನು ಸೇತುವೆ ಮಾಡಿ ಎಲ್ಲರನ್ನೂ ದಾಟಿಸಿದವರ ಪುಸ್ತಕ ಅದು. ಅದನ್ನು ಉಳಿಸಲು ಕೊನೆಗೆ ಅವರದೇ ಬೆನ್ನು ಬೇಕಾಯಿತು.

ಈಗ ನಮ್ಮ ಮಾತಿಗೆ ಬರೋಣ. ನಗರದ ಓದಿದ ಅಕ್ಕಂದಿರು ಮನೆಯ ಕಸಬರಿಗೆ ಬಿಸಾಕಿ ಹೊರಗೆ ಬಂದರು. ಸಂತೋಷ. ಬಿಸಾಕಿದ ಆ ಕಸಬರಿಗೆ ನೆಲಕ್ಕೆ ಬೀಳಲಿಲ್ಲ ತಾಯಂದಿರಾ, ಇನ್ನೊಬ್ಬ ಹೆಂಗಸಿನ ಕೈಗೆ ಬಿತ್ತು. ಆಕೆ ಬೆಳಗಿನ ಜಾವ ಐದಕ್ಕೆ ಎದ್ದು, ತನ್ನ ಮನೆಯ ಕಸಮುಸುರೆ ಮುಗಿಸಿ, ನಿಮ್ಮ ಮನೆಯದು ಮುಗಿಸಿ, ನೀವು ಹೆಣ್ಣಿನ ದುಡಿಮೆಯ ಬಗ್ಗೆ ವಿಚಾರಗೋಷ್ಠಿ ನಡೆಸುವ ಕಛೇರಿಯ ಕಕ್ಕಸನ್ನೂ ತೊಳೆಯುತ್ತಾಳೆ. ಆಕೆಯ ಜಾತಿ ಯಾವುದು ಅಂತ ನಾನು ಹೇಳಬೇಕಾಗಿಲ್ಲ. 'ಮನೆಗೆಲಸವೂ ದುಡಿಮೆಯೇ, ಅದಕ್ಕೆ ಬೆಲೆ ಕಟ್ಟಿ' ಎಂಬ ನಿಮ್ಮ ಲೇಖನವಿದ್ದ ಸಂಚಿಕೆ ಮೇಜಿನ ಮೇಲಿರುತ್ತದೆ. ಆಕೆ ಅದನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗಾದೆ. ಆದರೆ ಮನೆಯಾಳಿಗೆ ಯಾವ ಕಾಲ ಅಂತ ಗಾದೆ ಮಾಡಿದವರೂ ಹೇಳಿಲ್ಲ.

ಹಾಗಾದರೆ ಬೇರೆ ರೀತಿ ಸಾಧ್ಯವೇ ಇಲ್ಲವೇ ಅನ್ನುವವರು ಉತ್ತರ ಪ್ರದೇಶದ ಚಿತ್ರಕೂಟದ ಕಡೆ ನೋಡಬೇಕು. ಬುಂದೇಲ್‌ಖಂಡ ಅಂದರೆ ಬರ, ದರೋಡೆ, ಠಾಕೂರರ ದರ್ಪ. ಅಲ್ಲಿನ ಕರ್ವಿ ಎಂಬ ಊರಿಂದ 2002ರ ಮೇ ತಿಂಗಳಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಹೊರಟಿತು. ಬುಂದೇಲಿ ಆಡುಮಾತಿನ ಪತ್ರಿಕೆ, ಬೆಲೆ 2 ರೂಪಾಯಿ. ನಡೆಸಿದವರು ಹೆಚ್ಚಿನವರು ದಲಿತ ಹೆಂಗಸರು, ಜೊತೆಗೆ ಮುಸ್ಲಿಂ, ಹಿಂದುಳಿದ, ಕೋಲ್ ಆದಿವಾಸಿ ಹೆಂಗಸರು. ಕೆಲವರು ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ದೆಹಲಿಯ 'ನಿರಂತರ' ಎಂಬ ಮಹಿಳಾ ಸಂಸ್ಥೆ ಬೆನ್ನಿಗಿತ್ತು. ಇದರ ಬೇರು ಮಹಿಳಾ ಸಮಖ್ಯದ ಕಾಲದಲ್ಲಿ ಅಲ್ಲೇ ನಡೆದ 'ಮಹಿಳಾ ಡಾಕಿಯಾ' ಎಂಬ ಹಾಳೆಯಲ್ಲಿದೆ. ಆ ಮಹಿಳಾ ಸಮಖ್ಯ ನಮಗೂ ಗೊತ್ತಿರುವಂಥದೇ. ನಮ್ಮ ಬೀದರ, ಬಿಜಾಪುರಗಳ ಹಳ್ಳಿಗಳಲ್ಲಿ ಹೆಂಗಸರ ಸಂಘ ಕಟ್ಟಿದ್ದು ಅದೇ ಕಾರ್ಯಕ್ರಮ. ಅಲ್ಲಿ ಪತ್ರಿಕೆ ಹುಟ್ಟಿತು. ಇಲ್ಲೇಕೆ ಹುಟ್ಟಲಿಲ್ಲ ಅಂತ ನಾವು ಕೂತು ಯೋಚಿಸಬೇಕಾದ ಮಾತು.

ಈ ಹೆಂಗಸರು ಏನು ಮಾಡಿದರು? ಹಳ್ಳಿಗೆ ಹೋಗಿ ಸುದ್ದಿ ತಂದವರು ಅವರೇ. ಕೂತು ಬರೆದವರು, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದಿದವರು, ಚಿತ್ರ ಬರೆದವರು, ಪುಟ ಕಟ್ಟಿದವರು ಅವರೇ. ಅಚ್ಚಾಗಿ ಬಂದ ಕಟ್ಟನ್ನು ಚೀಲಕ್ಕೆ ತುಂಬಿ, ಬಸ್ಸು ಹತ್ತಿ, ಬಸ್ಸಿಲ್ಲದ ಕಡೆ ನಡೆದು, ಚಹದಂಗಡಿ, ಮನೆಬಾಗಿಲು ಸುತ್ತಿ ಮಾರಿದವರೂ ಅವರೇ. 2 ರೂಪಾಯಿ ಎಣಿಸಿ ಸೆರಗಿಗೆ ಕಟ್ಟಿಕೊಂಡವಳು ಮರುದಿನ ಪಡಿತರ ಅಂಗಡಿಯ ಮೋಸದ ಬಗ್ಗೆ ವರದಿ ಬರೆದಳು. ಸಂಪಾದಕಿ ಬೇರೆ, ಹಂಚುವವಳು ಬೇರೆ ಎಂಬ ವರ್ಣಾಶ್ರಮ ಅಲ್ಲಿರಲಿಲ್ಲ.

ಇದರ ಲಾಭ ಏನು ಗೊತ್ತೇ? ಪತ್ರಿಕೆ ಮಾರಲು ಹೋದವಳಿಗೆ ಓದುಗ ಮುಖಕ್ಕೇ ಹೇಳುತ್ತಾನೆ, "ಹೋದ ಸಲ ಬರೆದ ಕೊಳವೆಬಾವಿ ಇನ್ನೂ ರಿಪೇರಿ ಆಗಿಲ್ಲ ನೋಡವ್ವ" ಅಂತ. ಆ ಮಾತು ಅವಳಿಗೆ ಮುಂದಿನ ಸುದ್ದಿ. ನಮ್ಮ ಸಂಪಾದಕರಿಗೆ ಓದುಗ ಅಂದರೆ ಚಂದಾ ಪುಸ್ತಕದ ಒಂದು ನಂಬರು, ಆ ಪುಸ್ತಕವನ್ನೂ ಅವರು ತೆರೆಯುವುದಿಲ್ಲ. ತಮ್ಮ ಪತ್ರಿಕೆ ಯಾವ ಯಾವ ಊರಿಗೆ ಹೋಗುತ್ತದೆ ಅಂತ ನೋಡದೆ ಹೇಳಿಬಿಡಲಿ, ನೋಡೋಣ. ವಿಳಾಸ ಬರೆಯುವ ಹುಡುಗಿ ಹೇಳುತ್ತಾಳೆ, ಪಿನ್‌ಕೋಡು ಸಮೇತ.

ಖಬರ್ ಲಹರಿಯಾಕ್ಕೆ 2004ರಲ್ಲಿ ಚಮೇಲಿ ದೇವಿ ಜೈನ್ ಪ್ರಶಸ್ತಿ ಬಂತು, 2009ರಲ್ಲಿ ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿ ಬಂತು. ಆಮೇಲೆ ಅಚ್ಚು ನಿಲ್ಲಿಸಿ ಮೊಬೈಲಿಗೆ ಹೋದರು, ಕೈಯಲ್ಲಿ ಕ್ಯಾಮೆರಾ ಹಿಡಿದರು. ಅವರ ಮೇಲೆ 2021ರಲ್ಲಿ 'ರೈಟಿಂಗ್ ವಿತ್ ಫೈರ್' ಎಂಬ ಸಾಕ್ಷ್ಯಚಿತ್ರ ಬಂತು, ಆಸ್ಕರ್ ಅಂತಿಮ ಪಟ್ಟಿಗೂ ಹೋಯಿತು. ಜಗತ್ತು ಚಪ್ಪಾಳೆ ಹೊಡೆಯುತ್ತಿರುವಾಗ 2022ರ ಮಾರ್ಚಿನಲ್ಲಿ ಈ ಹೆಂಗಸರು ಎದ್ದು ನಿಂತು, ಈ ಚಿತ್ರದಲ್ಲಿರೋದು ನಮ್ಮ ಕೆಲಸದ ಒಂದು ತುಂಡು, ಪೂರ್ತಿ ನಾವಲ್ಲ ಎಂಬರ್ಥದ ಹೇಳಿಕೆ ಕೊಟ್ಟರು. ತಮ್ಮ ಮೇಲಿನ ಚಿತ್ರವನ್ನೂ ತಿದ್ದುವ ಧೈರ್ಯ ಎಲ್ಲಿಂದ ಬಂತು? ಇಪ್ಪತ್ತು ವರ್ಷ ತಮ್ಮ ಪ್ರೂಫನ್ನು ತಾವೇ ತಿದ್ದಿದವರಿಗೆ ಬರುತ್ತದೆ. ಅಲ್ಲಿ ಎಲ್ಲ ಸರಿಯಿತ್ತು, ಜಗಳವೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ದುಡಿಯುವ ಮನೆಯಲ್ಲಿ ಜಗಳ ಇದ್ದೇ ಇರುತ್ತದೆ.

ಕಸಮುಸುರೆಯಲ್ಲಿ ಅತ್ಯಂತ ಹೊಲಸಾದ ಕೆಲಸ ಒಂದಿದೆ. ಹೆಂಗಸರ ಪತ್ರಿಕೆಗೆ ಬರುವ ಬೈಗುಳ ಓದುವುದು. ಹಿಂದೆ ಸಹಿಯಿಲ್ಲದ ಕಾರ್ಡಿನಲ್ಲಿ ಬರುತ್ತಿತ್ತು, ಈಗ ಫೋನಿನಲ್ಲಿ, ಹಗಲೂ ರಾತ್ರಿ. ವರದಕ್ಷಿಣೆ ಬಗ್ಗೆ ಬರೆದರೆ ಒಂದು ನಮೂನೆ ಬೈಗುಳ. ಜಾತಿ ಬಗ್ಗೆ ಬರೆದರೆ ಅದಕ್ಕೆ ಜಾತಿಯ ಹೆಸರೂ ಸೇರುತ್ತದೆ. ಖಬರ್ ಲಹರಿಯಾದ ಹೆಂಗಸರಿಗೆ 2015ರಲ್ಲಿ ಒಬ್ಬ ತಿಂಗಳುಗಟ್ಟಲೆ ಬೇರೆ ಬೇರೆ ನಂಬರಿನಿಂದ ಫೋನು ಮಾಡಿ ಹೊಲಸು ಮಾತಾಡಿ ಬೆದರಿಸಿದ. ಪೊಲೀಸರ ಹತ್ತಿರ ಅಲೆದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಾವೇ ಇದನ್ನು ಜಗಜ್ಜಾಹೀರು ಮಾಡಿ ಗದ್ದಲವಾದ ಮೇಲೆ ಬಂಧನವಾಯಿತು. ಈ ಓಡಾಟ, ನಂಬರು ಬರೆದಿಡುವುದು, ಠಾಣೆಯ ಬೆಂಚಿನ ಮೇಲೆ ಕಾಯುವುದು ಯಾವ ಪತ್ರಿಕೆಯ ಲೆಕ್ಕದ ಪುಸ್ತಕದಲ್ಲಿದೆ?

ಇದನ್ನು 'ಮಲ ಹೊರುವ ಕೆಲಸ' ಅಂತ ವರ್ಣಿಸುವವರಿದ್ದಾರೆ. ಆ ಹೋಲಿಕೆ ದಯವಿಟ್ಟು ಬೇಡ. ಮಲ ಹೊರುವುದನ್ನು ನಿಲ್ಲಿಸಲು 1993ರಲ್ಲಿ ಒಂದು ಕಾನೂನು ಮಾಡಿದರು, 2013ರಲ್ಲಿ ಇನ್ನೊಂದು ಮಾಡಿದರು. ಇಷ್ಟಾದರೂ ಮ್ಯಾನ್‌ಹೋಲಿಗಿಳಿದು ನಮ್ಮವರು ಸಾಯುತ್ತಲೇ ಇದ್ದಾರೆ. ಅವರ ಸಾವನ್ನು ನಿಮ್ಮ ಲೇಖನದ ಅಲಂಕಾರ ಮಾಡಬೇಡಿ. ಆದರೆ ಒಂದು ಮಾತು ನಿಜ. ಹೊಲಸನ್ನು ಒಬ್ಬರಿಗೇ ಕಟ್ಟುವ ಬುದ್ಧಿ ಎರಡು ಕಡೆಯೂ ಒಂದೇ. ಬೈಗುಳ ಓದುವುದು ಆರೋಗ್ಯ ಕೆಡಿಸುವ ದುಡಿಮೆ ಅಂತ ಬಂಡವಾಳಶಾಹಿಗಳೇ ಒಪ್ಪಬೇಕಾಗಿ ಬಂದಿದೆ. ಹೊಲಸನ್ನು ನೋಡಿ ನೋಡಿ ತೆಗೆದುಹಾಕುವ ಕೆಲಸದಿಂದ ಮನಸ್ಸು ಕೆಟ್ಟವರು ಅಮೆರಿಕದಲ್ಲಿ ಮೊಕದ್ದಮೆ ಹೂಡಿ, 2020ರಲ್ಲಿ ಫೇಸ್‌ಬುಕ್ ಕಂಪನಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ಪತ್ರಿಕೆಯ ಹುಡುಗಿಗೆ ಏನು ಕೊಡುತ್ತೇವೆ? "ತಲೆಗೆ ಹಚ್ಕೋಬೇಡ ಕಣಮ್ಮ" ಅನ್ನುವ ಉಪದೇಶ.

ಕೋರ್ಟಿನ ಅಲೆದಾಟವೂ ಈ ಕಸಮುಸುರೆಯಲ್ಲೇ ಬರುತ್ತದೆ. ಗೌರಿ ಲಂಕೇಶ್ 2005ರಿಂದ ಜಾಹೀರಾತಿಲ್ಲದ ವಾರಪತ್ರಿಕೆ ನಡೆಸಿದರು. ಮಾನನಷ್ಟದ ಕೇಸಿನಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟು ಶಿಕ್ಷೆ ಹೇಳಿತು, ಜಾಮೀನು ತೆಗೆದುಕೊಂಡು ಮತ್ತೆ ಪತ್ರಿಕೆಗೆ ಕೂತರು. 2017ರ ಸೆಪ್ಟೆಂಬರ್ 5ರ ರಾತ್ರಿ ಕೆಲಸ ಮುಗಿಸಿ ಮನೆಗೆ ಬಂದವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ವರ್ಷಕ್ಕೊಮ್ಮೆ ಅವರ ಫೋಟೊ ಎತ್ತಿ ಹಿಡಿಯುತ್ತೇವೆ, ಹಿಡಿಯಬೇಕು. ಜಾಹೀರಾತಿಲ್ಲದೆ ವಾರವಾರ ಕಾಗದಕ್ಕೆ ದುಡ್ಡು ಹೊಂದಿಸಿದ್ದು ಹೇಗೆ, ವಾಯಿದೆ ವಾಯಿದೆಗೆ ಊರಿಂದೂರಿಗೆ ಹೋಗಿಬಂದದ್ದು ಹೇಗೆ ಅಂತ ಕೇಳಿ ಕಲಿತವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು ಪತ್ರಗಳ ಮಾತು. ಇದನ್ನು ಬಿಟ್ಟರೆ ಈ ಲೇಖನ ಬರೆದೂ ದಂಡ. ಹಳ್ಳಿಯ ಹೆಂಗಸು ಪತ್ರಿಕೆಗೆ ಕಾಗದ ಬರೆಯುವುದು ಸುಲಭದ ಮಾತಲ್ಲ. ಗಂಡನಿಗೆ ಕಾಣದ ಹಾಗೆ, ಮಗನ ನೋಟುಬುಕ್ಕಿನ ಹಾಳೆ ಹರಿದು, ಅಂಗನವಾಡಿ ಟೀಚರ ಕೈಲಿ ಬರೆಸಿಯೋ ತಾನೇ ಬರೆದೋ ಕಳಿಸುತ್ತಾಳೆ. ಅದು ನಗರದ ಮೇಜಿಗೆ ಬಂದಾಗ ಎಂ.ಎ. ಮಾಡಿದ ಸಂಪಾದಕಿ ನೋಡಿ, "ವಿಷಯ ಚೆನ್ನಾಗಿದೆ, ಭಾಷೆ ಸರಿಯಿಲ್ಲ" ಅನ್ನುತ್ತಾಳೆ. ಅಲ್ಪಪ್ರಾಣ ಮಹಾಪ್ರಾಣ ಅಂತ ತಿದ್ದಿ ತಿದ್ದಿ, 'ಹೊಡದ' ಅನ್ನುವುದನ್ನು 'ದೌರ್ಜನ್ಯ ಎಸಗಿದರು' ಮಾಡಿ, ಪ್ರಾಣವೇ ಹೋದ ಮೇಲೆ ಅಚ್ಚು ಹಾಕುತ್ತಾರೆ. ಇಲ್ಲವೇ ಹಾಕುವುದೇ ಇಲ್ಲ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಿನಲ್ಲಿ 1984ರಲ್ಲಿ 'ಕುಸುಮಬಾಲೆ' ಬರೆದರು, 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಭಾಷೆಯನ್ನು ಎತ್ತಿ ಆಡುತ್ತೇವೆ, ಆಡಲೇಬೇಕು. ಹಾಗಾದರೆ ಅದೇ ಸೀಮೆಯ ಕೂಲಿ ಹೆಂಗಸು ಅದೇ ಮಾತಿನಲ್ಲಿ ಒಂದು ಪುಟದ ಕಾಗದ ಬರೆದರೆ ಯಾಕೆ ಕೆಂಪು ಮಸಿ? ಪತ್ರ ತಿದ್ದುವ ಕೆಲಸವನ್ನು ಆ ಮಾತು ಬಲ್ಲವಳಿಗೆ ಕೊಡಿ. ಟೀ ಕೊಡಲು ಬರುವಾಕೆಗೇ ಗೊತ್ತಿರಬಹುದು ಆ ಕಾಗದದ ಅರ್ಥ.

ಪತ್ರಕ್ಕೆ ಉತ್ತರ ಬರೆಯುವುದೂ ಹಾಗೇ. 'ಗಂಡ ಹೊರಗೆ ಹಾಕಿದ್ದಾನೆ, ಏನು ಮಾಡಲಿ' ಅಂತ ಕಾಗದ ಬಂದರೆ ಅದು ವಾಚಕರ ವಾಣಿಯೋ, ಕೇಸೋ, ಅಕ್ಕನಿಗೆ ತಂಗಿ ಬರೆದದ್ದೋ? ಅದಕ್ಕೆ ಉತ್ತರ ಬರೆಯದ ಪತ್ರಿಕೆ ಎಷ್ಟು ಒಳ್ಳೆಯ ಲೇಖನ ಹಾಕಿದರೇನು?

ಏನು ಮಾಡಬೇಕು ಅನ್ನುತ್ತೀರಿ. ಮೊದಲು ಲೆಕ್ಕ ಇಡಿ. ಒಂದು ಸಂಚಿಕೆಗೆ ಯಾರು ಎಷ್ಟು ಗಂಟೆ ದುಡಿದರು ಅಂತ ಗೋಡೆಯ ಮೇಲೆ ಬರೆಯಿರಿ. ಬರೆದ ಕೂಡಲೇ ಅರ್ಧ ಜನ ತಲೆ ತಗ್ಗಿಸುತ್ತಾರೆ. ಪಾಳಿ ಹಾಕಿ. ಸಂಪಾದಕ ಮಂಡಳಿಯಲ್ಲಿ ಹೆಸರಿದ್ದವರೆಲ್ಲ, ಕವಿಗಳನ್ನೂ ಸೇರಿಸಿ, ತಿಂಗಳಿಗೊಂದು ದಿನ ಅಂಟಿಗೆ, ಒಂದು ದಿನ ಅಂಚೆಗೆ, ಒಂದು ದಿನ ಬೈಗುಳದ ಡಬ್ಬಿಗೆ. ಅಂಟು ಹಚ್ಚಿದವರು ಸಂಪಾದಕರ ಸಭೆಯಲ್ಲಿ ಕೂರಲಿ, ಕೈ ಎತ್ತಲಿ. ಕಸ ಗುಡಿಸಲು ಒಬ್ಬಾಕೆಯನ್ನು ಇಟ್ಟುಕೊಂಡಿದ್ದರೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗೆ ಕಡಿಮೆ ಇಲ್ಲದಂತೆ ಕೊಡಿ, ವಾರಕ್ಕೊಂದು ರಜೆ ಕೊಡಿ. ಅದು ಆಗದಿದ್ದರೆ ನೀವೇ ಗುಡಿಸಿ.

"ಗುಂಪಿನಲ್ಲಿ ಯಾರು ಮೇಲು ಯಾರು ಕೀಳು, ಪಾಳಿ ಗೀಳಿ ಯಾಕೆ, ಪ್ರೀತಿಯಿಂದ ಮಾಡೋಣ" ಅನ್ನುವವರ ಬಗ್ಗೆ ಹುಷಾರಾಗಿರಿ. ನಿಯಮ ಇಲ್ಲದ ಕಡೆ ಗುಟ್ಟಿನ ಯಜಮಾನಿಕೆ ಬೆಳೆಯುತ್ತದೆ ಅಂತ ಅಮೆರಿಕದ ಹೆಂಗಸರ ಚಳವಳಿಯ ಒಳಗಿನಿಂದಲೇ ಜೋ ಫ್ರೀಮನ್ 1970ರಲ್ಲಿ ಎಚ್ಚರಿಸಿದ್ದರು. ಕೂಡುಕುಟುಂಬದಲ್ಲಿ ಬೆಳೆದ ನಮಗೆ ಅದನ್ನು ಅಮೆರಿಕದವರು ಹೇಳಬೇಕಿರಲಿಲ್ಲ. ಪ್ರೀತಿಯ ಹೆಸರಲ್ಲೇ ಅಲ್ಲವೇ ಸೊಸೆಯಂದಿರ ಸೊಂಟ ಮುರಿದದ್ದು.

"ಹಿಂಗಾದರೆ ಬರೆಯೋರಿಗೆ ಬರೆಯೋಕೆ ಟೈಮೆಲ್ಲಿ?" ಅಂತ ಒಬ್ಬ ಹಿರಿಯರು ಕೇಳಿದರು. ಸ್ವಾಮಿ, ಇಷ್ಟು ದಿನ ಅಂಟು ಹಚ್ಚಿದವಳಿಗೂ ಬರೆಯೋದಿತ್ತು. ಅವಳ ಟೈಮು ಎಲ್ಲಿಗೆ ಹೋಯಿತು ಅಂತ ಒಮ್ಮೆಯಾದರೂ ಕೇಳಿದಿರಾ?

ಸಂಪಾದಕರಲ್ಲಿ ಒಂದು ಕೋರಿಕೆ. ಇದನ್ನು ಅಚ್ಚು ಹಾಕುವುದಾದರೆ ಕೆಳಗೆ ಇದನ್ನು ಕಂಪೋಸ್ ಮಾಡಿದವರ, ಪ್ರೂಫ್ ನೋಡಿದವರ, ಮಡಿಸಿದವರ, ವಿಳಾಸ ಬರೆದವರ ಹೆಸರು ಹಾಕಿ. ಜಾಗ ಸಾಲದಿದ್ದರೆ ನನ್ನ ಹೆಸರು ತೆಗೆಯಿರಿ.